ಹೊಲಿಗೆಯಂತ್ರದ ಅಂಕಗಳೂ ತಿರುಪಿನ ಸುತ್ತುಗಳೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಬ್ರಾಹ್ಮೀಲಿಪಿಯ ಆ ಬರಹದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿರುವನು. ಆ ಒಂದು ಪದದಿಂದಲೇ ಅವನಿಗೆ ವಾಯವ್ಯ ದೇಶದ ಸಂಬಂಧವಿದ್ದಿರಬೇಕೆಂದು ವಿದ್ವಾಂಸರು ಊಹಿಸಿದರು. ಅಲ್ಲಿಯೋ ನೆರೆಯ ಚಳ್ಳಕೆರೆಯಲ್ಲಿಯೋ ದರ್ಜಿಯೊಬ್ಬನ ಕೈಗೆ ಬಂದ ಹಳೆಯ ಸಿಂಗರ್ ಯಂತ್ರವನ್ನು ಗುರುತಿಸುವುದಕ್ಕೂ ಇಂತಹ ಪರೀಕ್ಷೆಯೇ ಬೇಕಾಗುವುದು.

ಯಂತ್ರದ ಹಾಸಿನ ಮೇಲಿರುವ, ಅಕ್ಷರದಿಂದ ಮೊದಲಾಗುವ ಸಂಖ್ಯೆಯೊಂದೇ ಕಾಲನಿರ್ಣಯಕ್ಕೆ ಸಾಧನ. ‘ವೈ’ ಎಂಬುದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ 1921-35ರ ಅಕ್ಷರ. ‘ಸಿ’ ಜರ್ಮನಿಯ ವಿಟ್ಟೆನ್‌ಬೆರ್ಗೆಯದು. ಸಂಖ್ಯೆಗಳನ್ನು ಗುಂಪುಗುಂಪಾಗಿ ಮೊದಲೇ ಹಂಚುತ್ತಿದ್ದುದರಿಂದ ಅವು ಹಂಚಿಕೆಯ ಕಾಲವನ್ನು ತಿಳಿಸುವುವೇ ಹೊರತು ಯಂತ್ರ ಹೊರಬಿದ್ದ ದಿನವನ್ನಲ್ಲ. ‘31ಕೆ’ ಮಾದರಿಯ ಹೆಸರು. ಅದರ ‘ಕೆ’ ಕಿಲ್ಬೋವಿಯ ಗುರುತು. ‘ಸಿಮ್ಯಾಂಕೋ’ ಮುದ್ರೆಯೊಡನೆ ಬಿಡಿಭಾಗಗಳ ಮೇಲಿರುವ ಅಂಕವಾದರೋ ಆ ಭಾಗದ್ದು. ಒಂದೇ ಭಾಗವು ಹಲವು ಮಾದರಿಗಳಲ್ಲಿ ಬರುವುದುಂಟು. ಅದನ್ನು ಹಿಡಿದು ಯಂತ್ರದ ವಯಸ್ಸು ಹೇಳುವುದು, ಕಲ್ಲುಕುಟಿಗನ ಗುರುತನ್ನು ಶಕವರ್ಷವೆಂದು ಓದಿದಂತೆಯೇ ಸರಿ.

ತಿರುಪುಗಳ ವಿಷಯ ಇನ್ನೂ ತೊಡಕಾದುದು. ಇಂಗ್ಲೆಂಡಿನಲ್ಲಿ ವಿಟ್‌ವರ್ತನು 1841ರಲ್ಲಿ 55 ಡಿಗ್ರಿ ಕೋನದ ಸುತ್ತನ್ನೂ, ಅಮೆರಿಕೆಯಲ್ಲಿ ಸೆಲ್ಲರ್ಸನು 1864ರಲ್ಲಿ 60 ಡಿಗ್ರಿಯದನ್ನೂ ಸೂಚಿಸಿದರು. ಸಿಂಗರನ ಪೇಟೆಂಟು 1851ರದು. ಆ ಸಂಸ್ಥೆಯು ಹೊಲಿಗೆಯಂತ್ರಕ್ಕೆ ತನ್ನವೇ ಆದ ಅಳತೆಗಳನ್ನು ಇಟ್ಟುಕೊಂಡಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಯಂತ್ರಕ್ಕೂ ಅಲ್ಲಿನ ಅಂಗಡಿಯ ತಿರುಪು ಹೊಂದದಿರುವುದು ಈ ಕಾರಣದಿಂದ. ಅಕ್ಷರವು ಹುಟ್ಟಿದೂರನ್ನೂ ಸುತ್ತು ಮನೆತನವನ್ನೂ ಹೇಳುತ್ತವೆ.

ಇವುಗಳಲ್ಲಿ ಬಹಳವಾಗಿ ಕಾಣುವುದು 9/64 ಅಂಗುಲ ವ್ಯಾಸದ, ಅಂಗುಲಕ್ಕೆ 40 ಸುತ್ತಿನ ತಿರುಪು. ಅಂದರೆ ವ್ಯಾಸ 3.57 ಮಿಲಿಮೀಟರು, ಸುತ್ತಿನಿಂದ ಸುತ್ತಿಗೆ 0.635. ಈಗ ಪೇಟೆಯಲ್ಲಿ ಸಿಕ್ಕುವ 3.5 ಮಿಲಿಮೀಟರಿನ ತಿರುಪಿನಲ್ಲಿ ಈ ಅಂತರ 0.6. ಅದು ಮೊದಲ ಒಂದೆರಡು ಸುತ್ತು ಬೆರಳಿಗೇ ಸಲೀಸಾಗಿ ತಿರುಗುವುದು; ಮೋಸವಿರುವುದು ಇಲ್ಲಿಯೇ. ಮುಂದೆ ಬಿಗಿಯುವುದು, ಬಲಾತ್ಕರಿಸಿದರೆ ತೂತಿನೊಳಗಿನ ಸುತ್ತು ಸವೆದು, ಬಳಿಕ ಮೂಲ ತಿರುಪು ದೊರೆತರೂ ಹಿಡಿಯದು. ಆದುದರಿಂದ ತಿರುಪನ್ನು ತೂತಿಗಿಡುವ ಮುನ್ನ ಹತ್ತು ಸುತ್ತುಗಳ ಉದ್ದವನ್ನು ಅಳೆಯಬೇಕು: 6.35 ಬಂದರೆ ಅದು ಮನೆಯದು, 6 ಬಂದರೆ ಹೊರಗಿನದು. ಅಷ್ಟು ಉದ್ದವಿಲ್ಲದ ಗಿಡ್ಡ ತಿರುಪಿಗೆ ಹಲ್ಲಿನ ಅಳತೆಪಟ್ಟಿಯನ್ನು ಹೊಂದಿಸಿ, ಸಂದಿನಲ್ಲಿ ಬೆಳಕು ತೋರುವುದೋ ಎಂದು ನೋಡತಕ್ಕದ್ದು.