ಹುಲ್ಲಿಗೆ ಹೆಪ್ಪು ಹಾಕಿದ ಕಥೆ

ಹಾಲಿಗೆ ಹೆಪ್ಪು ಹಾಕುವುದು ನಮಗೆಲ್ಲ ಗೊತ್ತು. ಹುಲ್ಲಿಗೂ ಹೆಪ್ಪು ಹಾಕುತ್ತಾರೆ ಎಂದರೆ ಕೆಲವರಿಗೆ ನಗು ಬರಬಹುದು. ರಸಮೇವು, ಅಂದರೆ ಸೈಲೇಜ್ ಮಾಡುವ ರೈತರಿಗೆ ಈಗ ಮಾರಾಟವಾಗುತ್ತಿರುವ ‘ಕಲ್ಚರ್’ ಪೊಟ್ಟಣದಲ್ಲಿ ಇರುವುದು ಅದೇ. ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಹತ್ತಿರದ ನೆಂಟರು ಅದರೊಳಗೆ ಒಣಪುಡಿಯಾಗಿ ಕೂತಿರುತ್ತಾರೆ. ಈ ಪೊಟ್ಟಣದವರೆಗೆ ಬರಲು ಜಗತ್ತಿಗೆ ಸುಮಾರು ನೂರು ವರ್ಷ ಹಿಡಿಯಿತು. ನಡುವೆ ಹುಲ್ಲಿನ ಮೇಲೆ ಆಸಿಡ್ ಸುರಿದ ಕಾಲವೂ ಒಂದಿತ್ತು.

ಹಸಿಮೇವನ್ನು ಗಾಳಿಯಾಡದಂತೆ ತುಳಿದು ಮುಚ್ಚಿಡುವ ಪದ್ಧತಿಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಫ್ರಾನ್ಸಿನ ಕೃಷಿಕ ಆಗಸ್ಟ್ ಗೊಫಾರ್‌ನಿಂದ. ತನ್ನ ಅನುಭವವನ್ನು ಆತ 1877ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನ ಮುಖ್ಯ ಬೆಳೆ ಮೆಕ್ಕೆಜೋಳ. ಅದರಲ್ಲಿ ಸಕ್ಕರೆ ಅಂಶ ಚೆನ್ನಾಗಿರುವುದರಿಂದ ತಾನಾಗಿಯೇ ಹುಳಿಯುತ್ತದೆ, ಕೆಡುವುದಿಲ್ಲ.

ಹುಲ್ಲಿನದು ಬೇರೆ ಸ್ವಭಾವ. ಅದರಲ್ಲಿ ನೀರು ಜಾಸ್ತಿ, ಸಕ್ಕರೆ ಕಡಿಮೆ. ಹುಳಿ ಏರುವುದು ತಡವಾದರೆ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದು ಮೇವು ಕೊಳೆತು ನಾರುತ್ತದೆ, ಪ್ರೋಟೀನ್ ಹಾಳಾಗುತ್ತದೆ. ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಈ ಸಮಸ್ಯೆ ಹೆಚ್ಚು ಕಾಡಿದ್ದು ಮೆಕ್ಕೆಜೋಳ ಸರಿಯಾಗಿ ಬೆಳೆಯದ ಉತ್ತರ ಯುರೋಪನ್ನು. ಫಿನ್‌ಲೆಂಡಿನಲ್ಲಿ ಚಳಿಗಾಲ ಬಂದರೆ ದನ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ. ಒಣಹುಲ್ಲು ತಿಂದ ಹಸುವಿನ ಬೆಣ್ಣೆಗೆ ಬಣ್ಣವೂ ಇಲ್ಲ, ಎ ಜೀವಸತ್ವವೂ ಕಡಿಮೆ. ಬೆಣ್ಣೆ ರಫ್ತನ್ನು ನಂಬಿದ ಹೈನುಗಾರರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಅವರದೇ ಸಹಕಾರ ಸಂಸ್ಥೆ ವಾಲಿಯೋದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ ಆರ್ಟುರಿ ಇಲ್ಮಾರಿ ವಿರ್ಟನೆನ್ 1920ರ ದಶಕದಲ್ಲಿ ಇದಕ್ಕೆ ಕೈಹಾಕಿದರು. ಹುಲ್ಲು ಹುಳಿಯುವವರೆಗೆ ಕಾಯುವ ಬದಲು ನಾವೇ ಹುಳಿ ಮಾಡಿಬಿಟ್ಟರೆ? ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್‌ಗಳನ್ನು ನೀರಿನಲ್ಲಿ ಬೆರೆಸಿ ಹುಲ್ಲಿಗೆ ಹಾಕಿದರು. ಪಿಎಚ್ 4ಕ್ಕಿಂತ ಕೆಳಗಿಳಿಯಿತು, ಕೊಳೆಯುವುದು ನಿಂತಿತು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಇದು ‘ಎಐವಿ ಮೇವು’ ಎಂದು ಹೆಸರಾಯಿತು. 1945ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದಾಗ ಪ್ರಶಸ್ತಿಯ ಮಾತಿನಲ್ಲಿ ಮೇವು ಕಾಪಿಡುವ ಈ ವಿಧಾನವನ್ನು ವಿಶೇಷವಾಗಿ ಹೆಸರಿಸಲಾಗಿತ್ತು. ದನದ ಮೇವಿಗೆ ನೊಬೆಲ್!

ಆದರೆ ಆ ಆಸಿಡ್ ಕೈ ಸುಡುತ್ತಿತ್ತು, ಯಂತ್ರಗಳನ್ನು ತಿನ್ನುತ್ತಿತ್ತು. 1960ರ ದಶಕದಲ್ಲಿ ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಫಾರ್ಮಿಕ್ ಆಸಿಡ್ ಆ ಜಾಗಕ್ಕೆ ಬಂತು. ನಮ್ಮ ಕರಾವಳಿಯ ರಬ್ಬರ್ ಬೆಳೆಗಾರರು ರಬ್ಬರ್ ಹಾಲು ಗಟ್ಟಿಯಾಗಲು ಹಾಕುವುದೂ ಇದನ್ನೇ. ಖನಿಜಾಮ್ಲಗಳಿಗಿಂತ ಇದು ವಾಸಿ, ಆದರೂ ಹುಷಾರಾಗಿ ಮುಟ್ಟಬೇಕಾದ ವಸ್ತುವೇ.

ಹುಳಿಯನ್ನು ಹೊರಗಿನಿಂದ ತರುವುದೇಕೆ, ಹುಲ್ಲಿನಲ್ಲೇ ಹುಟ್ಟಿಸಬಹುದಲ್ಲ ಎಂಬ ಯೋಚನೆ ಹಳೆಯದು. 20ನೇ ಶತಮಾನದ ಆರಂಭದಲ್ಲೇ ಫ್ರಾನ್ಸಿನಲ್ಲಿ ಬೀಟ್ ಸಿಪ್ಪೆಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆರೆಸಿ ನೋಡಿದ್ದರು. ಬ್ಯಾಕ್ಟೀರಿಯಾವನ್ನು ಜೀವಂತವಾಗಿ ಒಣಗಿಸಿ ಇಡುವ ತಂತ್ರ ಸುಧಾರಿಸಿದ ಮೇಲೆ, 1970–80ರ ದಶಕಗಳಲ್ಲಿ ಅದು ಮಾರುಕಟ್ಟೆಯ ಸರಕಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಅದರ ನಾಯಕ. ಒಂದು ಗ್ರಾಂ ಮೇವಿಗೆ ಸಾಮಾನ್ಯವಾಗಿ 1 ಲಕ್ಷ ಬ್ಯಾಕ್ಟೀರಿಯಾದಂತೆ ಹಾಕುತ್ತಾರೆ. ಅವು ಬೇಗ ಬೆಳೆದು ಕೊಳೆಸುವವರಿಗಿಂತ ಮೊದಲೇ ಜಾಗ ಹಿಡಿಯಬೇಕು.

ಬ್ಯಾಕ್ಟೀರಿಯಾಕ್ಕೂ ಊಟ ಬೇಕಲ್ಲ? ಅದಕ್ಕೇ ಕಿಣ್ವಗಳು ಬಂದವು. ಸೆಲ್ಯುಲೇಸ್, ಹೆಮಿಸೆಲ್ಯುಲೇಸ್‌ಗಳು ನಾರನ್ನು ಒಡೆದು ಸಕ್ಕರೆ ಬಿಡಿಸುತ್ತವೆ. ಎಳೆ ಹುಲ್ಲಿನಲ್ಲಿ ಇವು ಕೆಲಸ ಮಾಡಿದಷ್ಟು ಬಲಿತು ಗಟ್ಟಿಯಾದ ಹುಲ್ಲಿನಲ್ಲಿ ಮಾಡವು. ತೀರಾ ಹಸಿಯಾದ ಹುಲ್ಲಿಗೆ ಹಾಕಿದರೆ ರಸ ಸೋರಿ ಸತ್ವವೇ ಹರಿದುಹೋಗಬಹುದು.

1990ರ ದಶಕದ ಕೊನೆಗೆ ಬುಕ್ನೆರಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೆಸರು ಮಾಡಿತು. ಅದು ಒಂದಿಷ್ಟು ಅಸಿಟಿಕ್ ಆಮ್ಲವನ್ನೂ ತಯಾರಿಸುವುದರಿಂದ, ಗುಂಡಿ ತೆರೆದ ಮೇಲೆ ಮೇವು ಬಿಸಿಯಾಗಿ ಬೂಸ್ಟು ಹಿಡಿಯುವುದು ತಡವಾಗುತ್ತದೆ.

ಈಗ ನಮ್ಮ ನೇಪಿಯರ್ ಹುಲ್ಲಿಗೆ ಬರೋಣ. ಉಷ್ಣವಲಯದ ಹುಲ್ಲುಗಳಲ್ಲಿ ಹುಳಿಯಲು ಬೇಕಾದ ಸಕ್ಕರೆ ಇನ್ನೂ ಕಡಿಮೆ. ಅದಕ್ಕೇ ಇಲ್ಲಿ ಬೆಲ್ಲದ ನೀರೋ ಕಾಕಂಬಿಯೋ ಚಿಮುಕಿಸುವ ಸಲಹೆ ಕೊಡುತ್ತಾರೆ. ಕಿಣ್ವ ನಾರಿನಿಂದ ಬಿಡಿಸಿ ಕೊಡುವುದನ್ನು ಬೆಲ್ಲ ನೇರವಾಗಿ ಕೊಡುತ್ತದೆ. ಪೊಟ್ಟಣ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ. ಸಕ್ಕರೆ ಇಲ್ಲದ ಹುಲ್ಲಿಗೆ ಬರೀ ಬ್ಯಾಕ್ಟೀರಿಯಾ ಸುರಿದರೆ ದುಡ್ಡು ದಂಡ. ಚೆನ್ನಾಗಿ ಬೆಳೆದ ಮೆಕ್ಕೆಜೋಳಕ್ಕೆ ಅದರ ಅಗತ್ಯ ಕಡಿಮೆ. ಕೊಳ್ಳುವುದಾದರೆ ಯಾವ ಬ್ಯಾಕ್ಟೀರಿಯಾ, ಗ್ರಾಂಗೆ ಎಷ್ಟು, ಅವಧಿ ಎಂದಿನವರೆಗೆ ಎಂದು ನೋಡಿ. ತಂಪಾದ ಜಾಗದಲ್ಲಿಡಿ, ಬಿಸಿಲಿಗೆ ಇಟ್ಟರೆ ಹೆಪ್ಪು ಸತ್ತೇ ಹೋಗುತ್ತದೆ.

ಆಸಿಡ್ ಹೋಗಿ ಬ್ಯಾಕ್ಟೀರಿಯಾ ಬಂದರೂ ಗೊಫಾರ್‌ನ ಕಾಲದ ಪಾಠ ಬದಲಾಗಿಲ್ಲ: ಸಣ್ಣಗೆ ಕತ್ತರಿಸಿ, ಗಟ್ಟಿಯಾಗಿ ತುಳಿಯಿರಿ, ಗಾಳಿ ಹೋಗದಂತೆ ಮುಚ್ಚಿ. ಅದಾದ ಮೇಲೆ ಹೆಪ್ಪಿನ ಮಾತು.