ಹರಕೆಯ ಋಣ, ದೋಣಿಯ ತೃಪ್ತಿ

ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಸೀಮೆಗೆ ಮೈಲಾರಲಿಂಗನ ಎರಡು ಮಹಾಕ್ಷೇತ್ರಗಳು ನೆರೆಯಾಗಿವೆ. ಇದೇ ತಾಲ್ಲೂಕಿನ ದೇವರಗುಡ್ಡ ಒಂದಾದರೆ, ತುಂಗಭದ್ರೆಯ ಆಚೆದಡದ ಮೈಲಾರ ಇನ್ನೊಂದು. ಮಹಾನವಮಿಯಲ್ಲಿ ದೇವರಗುಡ್ಡದಲ್ಲಿಯೂ, ಭರತಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದಲ್ಲಿಯೂ, ಮೈಲಾರಲಿಂಗನ ಭಕ್ತನಾದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿಗೆ ಕಿವಿಗೊಡಲು ನೆರೆಯುವ ಜನಸ್ತೋಮದಲ್ಲಿ, ಮಳೆಬೆಳೆಯ ಭವಿಷ್ಯವನ್ನು ಕೇಳಬಂದವರೊಡನೆ, ಕಷ್ಟಕಾಲದಲ್ಲಿ ದೇವರಿಗೆ ಕೊಟ್ಟ ಮಾತನ್ನು ಸಲ್ಲಿಸಬಂದ ಹರಕೆಯವರೂ ಇರುತ್ತಾರೆ. ಹರಕೆ ಹೊರುವುದು ಸುಲಭ. ಅದನ್ನು ತೀರಿಸುವ ಬಗೆ ಯಾವುದೆಂಬ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಕೊಟ್ಟ ಉತ್ತರಗಳು ವಿಚಾರಾರ್ಹವಾಗಿವೆ.

ಮಧ್ಯಯುಗದ ವೀರಲೋಕದಲ್ಲಿ ಆಡಿದ ಮಾತಿಗೆ ಪ್ರಾಣವೇ ಪಣವಾಗಿತ್ತು. ಒಡೆಯನ ಅನ್ನವುಂಡ ಋಣವನ್ನು ಜೋಳವಾಳಿಯೆಂದೂ, ಅವನೊಡನೆ ಮಡಿಯುವ ಪ್ರತಿಜ್ಞೆಯನ್ನು ವೇಳೆವಾಳಿಯೆಂದೂ ಕರೆದ ಆ ಕಾಲದ ನಿಷ್ಠೆಯ ಪರಾಕಾಷ್ಠೆಗೆ ಹಳೇಬೀಡಿನ ಶಾಸನವೊಂದು ಸಾಕ್ಷಿಯಾಗಿದೆ: 1220ರ ಸುಮಾರಿಗೆ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನು ಕಾಲವಾದಾಗ, ಅವನ ಗರುಡನಾಗಿದ್ದ, ಎಂದರೆ ಒಡೆಯನೊಡನೆ ಮಡಿಯುವ ಪ್ರತಿಜ್ಞೆ ತೊಟ್ಟ ಅಂಗರಕ್ಷಕನಾಗಿದ್ದ ಕುವರಲಕ್ಷ್ಮನು ಮಡದಿಯೊಡನೆ, ಸಹಚರರೊಡನೆ ಪ್ರಾಣವನ್ನರ್ಪಿಸಿ ತನ್ನ ಭಾಷೆಯನ್ನು ಪೂರೈಸಿದನು. ಋಣವೇನೋ ತೀರಿತು, ಉಳಿದವರ ಪಾಲಿಗೆ ಬಂದದ್ದು ಅಗಲಿಕೆಯೊಂದೇ.

ಮೈಲಾರನ ಒಕ್ಕಲು ಹಿಡಿದ ದಾರಿ ಬೇರೆ. ಸ್ಪೇನ್ ದೇಶದ ಇಗರ್ಜಿಗಳಲ್ಲಿ ರೋಗಮುಕ್ತರು ಮೇಣದ ಕೈಕಾಲುಗಳನ್ನು ತೂಗುಹಾಕುವಂತೆ, ನಮ್ಮಲ್ಲಿಯೂ ಬೆಳ್ಳಿಯ ಕಣ್ಣುಗಳನ್ನು ಒಪ್ಪಿಸುವವರುಂಟು. ಅವು ದೇವರ ಸನ್ನಿಧಿಯಲ್ಲಿಯೇ ಉಳಿಯುವ ಕಾಣಿಕೆಗಳು. ದೋಣಿ ತುಂಬಿಸುವ ಹರಕೆಯಲ್ಲಾದರೋ, ಕರಿಯ ಕಂಬಳಿಯನ್ನು ಹೊದ್ದು, ಭಂಡಾರದ ಚೀಲವನ್ನು ತೂಗಿಕೊಂಡು, ಡಮರುಗ ನುಡಿಸುತ್ತ ಬರುವ ಗೊರವರು ತಮ್ಮ ಭಿಕ್ಷಾಪಾತ್ರೆಯಾದ ದೋಣಿಯನ್ನು ನೆಲದ ಮೇಲಿಡುತ್ತಾರೆ. ಹರಕೆಯವರು ಅದಕ್ಕೆ ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆಗಳನ್ನು ಹಾಕುತ್ತಾರೆ. ಮೈಲಾರನ ಬೇಟೆನಾಯಿಗಳ ಭಾವವನ್ನು ತಳೆದ ಗೊರವರು, ಬೊಗಳುತ್ತ, ಕೈಮುಟ್ಟದೆ ಬಾಯಿಯಿಂದಲೇ ಅದನ್ನು ಉಣ್ಣುತ್ತಾರೆ. ದೇವರಿಗೆ ಸಲ್ಲಬೇಕಾದ ಋಣವು ಇಲ್ಲಿ ಮನುಷ್ಯನ ಹೊಟ್ಟೆಯ ಮೂಲಕವೇ ಸಲ್ಲುತ್ತದೆ; ಉಂಡವನು ತಣಿಯುವುದೂ ಹರಕೆಯು ತೀರುವುದೂ ಒಂದೇ ಗಳಿಗೆಯಲ್ಲಿ.

ಈ ಇತಿಹಾಸಕ್ಕೆ ಕರಾಳವಾದ ಮುಖವೂ ಉಂಟು. ಹೆತ್ತವರು ಹೊತ್ತ ಹರಕೆಗೆ ಹೆಣ್ಣುಮಗುವಿನ ಬಾಳನ್ನೇ ತೆತ್ತು, ಅವಳನ್ನು ದೇವದಾಸಿಯಾಗಿ ಬಿಡುವ ಪದ್ಧತಿಯು ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆದುಬಂದಿತು. ಮೇಡ್ಲೇರಿಯ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1934ರಲ್ಲಿ ಬಂದ ಕಾನೂನೂ, 1982ರ ಕರ್ನಾಟಕದ ಕಾನೂನೂ ಅದನ್ನು ನಿಷೇಧಿಸಿದುವು. ಹರಕೆಗಾಗಿ ಕೊಡುತ್ತಿದ್ದ ಪ್ರಾಣಿಬಲಿಯನ್ನು ತಡೆಯುವ ಕಾನೂನು 1959ರಲ್ಲಿಯೇ ಬಂದಿತ್ತು. ತಾನು ಆಡಿದ ಮಾತಿಗೆ ಪರರ ಜೀವವನ್ನು ಒತ್ತೆಯಿಡುವ ಅಧಿಕಾರವು ಯಾವ ಭಕ್ತನಿಗೂ ಇಲ್ಲವೆಂಬುದನ್ನು ಧರ್ಮಪ್ರಜ್ಞೆಯು ಹೇಳಬೇಕಾಗಿದ್ದಿತು. ಅದು ಮೌನವಾಗಿದ್ದುದರಿಂದ ನ್ಯಾಯವಿಧಿಯೇ ಹೇಳಬೇಕಾಯಿತು.

ಹರಕೆಯ ಮಹತ್ತ್ವವನ್ನು ಅಳೆಯಬೇಕಾದುದು ಎರಡು ಪ್ರಶ್ನೆಗಳಿಂದ: ತೆತ್ತದ್ದು ಯಾರ ಗಂಟು, ತಣಿದದ್ದು ಯಾರ ಒಡಲು? ತನ್ನ ದುಡಿಮೆಯಿಂದ ತೆತ್ತು ಇನ್ನೊಬ್ಬರ ಹಸಿವನ್ನು ನೀಗಿದ ದೋಣಿಸೇವೆಯು ಈ ಎರಡಕ್ಕೂ ನಿಸ್ಸಂಕೋಚವಾಗಿ ಉತ್ತರ ಕೊಡಬಲ್ಲದು. ಆದಕಾರಣವೇ ಅದು ಉಳಿದು ಬಾಳಲು ಅರ್ಹವಾದ ಆಚರಣೆಯಾಗಿದೆ.