ಮುಂಬಯಿಯ ವಸ್ತ್ರಸಂಗ್ರಹಗಳು: ಅಧ್ಯಯನ ಮತ್ತು ಸಂರಕ್ಷಣೆಯ ಚರಿತ್ರೆ

ಮುಂಬಯಿಯಲ್ಲಿ ಬಟ್ಟೆಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸುವ ಕೆಲಸ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆರಂಭವಾಯಿತು. ಅದರ ಹಿಂದಿದ್ದದ್ದು ವ್ಯಾಪಾರದ ಲೆಕ್ಕಾಚಾರ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಭಾರತದ ಕುಶಲಕಲೆಗಳಿಗೆ ಸಿಕ್ಕ ಮನ್ನಣೆಯನ್ನು ಕಂಡು, ಇಲ್ಲಿನ ಉತ್ಪನ್ನಗಳನ್ನು ಒಂದೆಡೆ ತೋರಿಸುವ ವಸ್ತುಸಂಗ್ರಹಾಲಯ ಬೇಕೆಂಬ ಯೋಚನೆ ಬಂತು. ಕೋಟೆ ಪ್ರದೇಶದ ಟೌನ್ ಬ್ಯಾರಕ್ಸ್‌ನಲ್ಲಿ ಕೂಡಿಸಿದ್ದ ಸಂಗ್ರಹ 1857ರ ದಂಗೆಯ ಕಾಲದಲ್ಲಿ ಸೈನ್ಯಕ್ಕೆ ಜಾಗ ಬಿಟ್ಟುಕೊಟ್ಟು ಚೆಲ್ಲಾಪಿಲ್ಲಿಯಾಯಿತು. ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದವರಲ್ಲಿ ಜಾರ್ಜ್ ಬರ್ಡ್‌ವುಡ್, ಡಾ. ಭಾವು ದಾಜಿ ಲಾಡ್, ಜಗನ್ನಾಥ ಶಂಕರಶೇಟ್ ಮುಖ್ಯರು. ಬೈಕುಲ್ಲಾದ ಕಟ್ಟಡ 1872ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ತೆರೆಯಿತು. 1975ರಿಂದ ಅದು ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ. ಮುಂಬಯಿಯ ನಾನಾ ಜಾತಿ-ಪಂಗಡದವರು ಪಗಡಿ ಸುತ್ತುತ್ತಿದ್ದ, ಸೀರೆ ಉಡುತ್ತಿದ್ದ ರೀತಿಯನ್ನು ತೋರಿಸುವ ಮಣ್ಣಿನ ಗೊಂಬೆಗಳು ಅಲ್ಲಿವೆ. ಬಟ್ಟೆ ಜೀರ್ಣವಾದರೂ ಉಡುಗೆಯ ಕ್ರಮವನ್ನು ಉಳಿಸಿಕೊಟ್ಟಿರುವುದರಿಂದ ಅವನ್ನೂ ವಸ್ತ್ರಚರಿತ್ರೆಯ ಆಕರಗಳೆಂದೇ ಎಣಿಸಬೇಕು.

ಇದೇ ಕಾಲದ ದೊಡ್ಡ ಕೆಲಸ ಜಾನ್ ಫೋರ್ಬ್ಸ್ ವಾಟ್ಸನ್‌ನದು. ಮುಂಬಯಿ ಸೈನ್ಯದಲ್ಲಿ ವೈದ್ಯನಾಗಿದ್ದು, ಮುಂದೆ ಲಂಡನ್ನಿನ ಇಂಡಿಯಾ ಮ್ಯೂಸಿಯಂ ಸೇರಿದ ಈತ 1866ರಲ್ಲಿ ಭಾರತದ ಬಟ್ಟೆಗಳ 700 ನಿಜವಾದ ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿದ. ಅಂಥ 20 ಪ್ರತಿಗಳು ಸಿದ್ಧವಾಗಿ 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಬಟ್ಟೆ ಎಲ್ಲಿಯದು, ಎಷ್ಟು ಉದ್ದ, ಎಷ್ಟು ತೂಕ ಎಂಬ ವಿವರ ಜೊತೆಗಿತ್ತು. ಭಾರತೀಯರು ಏನು ಉಡುತ್ತಾರೆಂದು ಮ್ಯಾಂಚೆಸ್ಟರ್‌ನ ಗಿರಣಿಗಳಿಗೆ ತಿಳಿಸಿ, ಅದನ್ನೇ ಯಂತ್ರದಲ್ಲಿ ನೇಯ್ದು ಇಲ್ಲಿಗೆ ಮಾರುವುದು ಗುರಿ. ನೇಕಾರನ ಹೊಟ್ಟೆಯ ಮೇಲೆ ಹೊಡೆಯಲು ಮಾಡಿದ ಈ ಸಂಪುಟಗಳೇ ಇಂದು ಆ ನೇಕಾರನ ಕೈಚಳಕಕ್ಕೆ ಅತ್ಯುತ್ತಮ ಸಾಕ್ಷಿ. ಆದರೆ ಪೂರ್ತಿ ಸೀರೆ, ಪೂರ್ತಿ ಧೋತರ ಕತ್ತರಿಗೆ ಸಿಕ್ಕಿದ್ದರಿಂದ ಅಂಚು, ಮೈ, ಸೆರಗುಗಳ ಪರಸ್ಪರ ಅಳತೆ ಆ ತುಂಡುಗಳಲ್ಲಿ ಕಾಣಸಿಗದು. ಇದು ಸಣ್ಣ ನಷ್ಟವಲ್ಲ.

ಬಟ್ಟೆಯನ್ನು ಕಲಾವಸ್ತುವಾಗಿ ನೋಡುವ ದೃಷ್ಟಿ ಗಟ್ಟಿಯಾದದ್ದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ. 1905ರಲ್ಲಿ ಅಡಿಗಲ್ಲು ಬಿದ್ದ ಈ ಕಟ್ಟಡ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಗಿ ಬಳಕೆಯಾಗಿ, 1922ರ ಜನವರಿ 10ರಂದು ಜನರಿಗೆ ತೆರೆಯಿತು. ಪೈಠಣಿ, ಪಟೋಲ, ಕಾಶ್ಮೀರಿ ಶಾಲು, ಚಂಬಾ ರುಮಾಲುಗಳು ಇಲ್ಲಿ ಸೇರಿದವು. ಇದರ ನಿರ್ದೇಶಕರಾಗಿದ್ದ ಡಾ. ಮೋತಿಚಂದ್ರ ಶಿಲ್ಪ, ಭಿತ್ತಿಚಿತ್ರ, ಸಾಹಿತ್ಯಗಳನ್ನು ಒಟ್ಟಿಗಿಟ್ಟುಕೊಂಡು ಪ್ರಾಚೀನ ಭಾರತದ ವೇಷಭೂಷಣಗಳ ಚರಿತ್ರೆ ಬರೆದರು. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅವರ ಭಾರತೀಯ ಉಡುಗೆಗಳ ಗ್ರಂಥ ಬಂದದ್ದು 1951ರಲ್ಲಿ. ಅದೇ ವರ್ಷ ಕಮಲಾ ಡೋಂಗರಕೇರಿ ಅವರ ಭಾರತೀಯ ಕಸೂತಿಯ ಕುರಿತ ಪುಸ್ತಕವೂ ಮುಂಬಯಿಯಿಂದಲೇ ಪ್ರಕಟವಾಯಿತು. 1946ರಲ್ಲಿ ಮುಲ್ಕ್ ರಾಜ್ ಆನಂದ್ ಆರಂಭಿಸಿದ 'ಮಾರ್ಗ್' ಪತ್ರಿಕೆ ಕಲಂಕಾರಿಯಂಥ ವಸ್ತ್ರಕಲೆಗಳಿಗೆ ವಿಶೇಷ ಸಂಪುಟಗಳನ್ನೇ ಮೀಸಲಿಟ್ಟಿತು. ಕೈಮಗ್ಗ ಮಂಡಳಿ 1956ರಲ್ಲಿ ತೆರೆದ ನೇಕಾರರ ಸೇವಾ ಕೇಂದ್ರದ ದಾರಿ ಬೇರೆ. ಕೆ. ಜಿ. ಸುಬ್ರಮಣ್ಯನ್, ಪ್ರಭಾಕರ ಬರ್ವೆಯಂಥ ಚಿತ್ರಕಾರರು ಆ ವ್ಯವಸ್ಥೆಯೊಳಗೆ ಕೆಲಸ ಮಾಡಿದರು. ಹಳೆಯ ವಿನ್ಯಾಸ ಕಪಾಟು ಸೇರದೆ ಮಗ್ಗಕ್ಕೆ ಮರಳಬೇಕೆಂಬುದು ಅಲ್ಲಿನ ಹಂಬಲವಾಗಿತ್ತು.

ಸಮುದಾಯವೊಂದು ತನ್ನ ಬಟ್ಟೆಯನ್ನು ತಾನೇ ಕಾದುಕೊಂಡದ್ದಕ್ಕೆ ಪಾರ್ಸಿಗಳ ಗಾರಾ ಸೀರೆ ಒಳ್ಳೆಯ ಉದಾಹರಣೆ. ಹತ್ತಿ, ಅಫೀಮುಗಳ ವ್ಯಾಪಾರಕ್ಕೆ ಕ್ಯಾಂಟನ್‌ಗೆ ಹೋದ ಪಾರ್ಸಿ ವರ್ತಕರು ತಂದ ಚೀನೀ ಕಸೂತಿಯ ರೇಷ್ಮೆ ಇದು. ಕಡುಗೆಂಪು, ಕಡುನೇರಳೆ, ಕಪ್ಪು ನೆಲದ ಮೇಲೆ ಬಿಳಿ ಅಥವಾ ಬಣ್ಣದ ದಾರದಲ್ಲಿ ಪಿಯೊನಿ ಹೂವು, ಕೊಕ್ಕರೆ, ಪಗೋಡಗಳು ಮೂಡುತ್ತವೆ. ಒಂದು ದಳವನ್ನು ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಚಿಕ್ಕ ಗಂಟುಗಳು ಒತ್ತೊತ್ತಾಗಿ ಕೂತಿರುತ್ತವೆ. ಈ ಗಂಟಿನ ಹೊಲಿಗೆಯನ್ನು ಪಾರ್ಸಿಗಳು 'ಖಾಖೊ' ಎನ್ನುತ್ತಾರೆ. ರೇಷ್ಮೆ ಹರಿದಾಗ ಮನೆಯ ಹೆಂಗಸರು ಕಸೂತಿಯ ಅಂಚನ್ನು, ಅಂದರೆ 'ಕೋರ್' ಅನ್ನು, ಬಿಚ್ಚಿ ಹೊಸ ಸೀರೆಗೆ ಹೊಲಿದರು. ಹಾಗಾಗಿ ಒಂದೇ ಅಂಚಿನಲ್ಲಿ ಎರಡು ಮೂರು ತಲೆಮಾರಿನ ಸೂಜಿಯ ತೂತುಗಳಿರಬಹುದು. ಸಂರಕ್ಷಕರು ಆ ತೂತುಗಳನ್ನು ಮುಚ್ಚದೆ ಬಿಡುವುದೇ ಸರಿ, ಏಕೆಂದರೆ ಸೀರೆಯ ಬಾಳಿನ ದಾಖಲೆ ಅಲ್ಲಿದೆ. ಖರೆಘಾಟ್ ಕಾಲೊನಿಯಲ್ಲಿರುವ ಫ್ರಾಮ್‌ಜಿ ದಾದಾಭಾಯಿ ಆಲ್ಪಾಯ್‌ವಾಲಾ ವಸ್ತುಸಂಗ್ರಹಾಲಯ ಗಾರಾಗಳನ್ನೂ ಝಬಲಾ ಎಂಬ ಮಕ್ಕಳ ಅಂಗಿಗಳನ್ನೂ ಕಾಪಾಡಿಕೊಂಡು ಬಂದಿದೆ.

ಕನ್ನಡಿಗರ ಮಟ್ಟಿಗೆ ಇದಕ್ಕೆ ಸಮನಾದದ್ದು ಧಾರವಾಡ ಸೀಮೆಯ ಕಸೂತಿ. ಇಲಕಲ್ಲ ಸೀರೆಯ ಸೆರಗಿನಲ್ಲಿ ಎಳೆ ಎಣಿಸಿ ಹಾಕುವ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತವೆ; ನೇಯ್ಗೆ, ಮೆಂತ್ಯೆ ಎಂಬ ಹೊಲಿಗೆಗಳು ಹಾಗಲ್ಲ. ಅಂಥ ಸೆರಗನ್ನು ಹಲಗೆಗೆ ಬಿಗಿದು ಗಾಜು ಹಾಕಿದರೆ ಹಿಂಬದಿ ಮರೆಯಾಗಿ, ಕಸೂತಿ ಹಾಕಿದವಳ ಜಾಣ್ಮೆಯ ಅರ್ಧ ಪಾಲು ಕಣ್ಣಿಗೆ ಬೀಳದೆ ಹೋಗುತ್ತದೆ.

ಮುಂಬಯಿಯಲ್ಲಿ ಬಟ್ಟೆಯ ಮೊದಲ ಶತ್ರು ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇ. 80ರ ಮೇಲೇ ಇರುವುದು ಸಾಮಾನ್ಯ. ಆಗ ಹತ್ತಿಗೆ ಬೂಸ್ಟು ಹಿಡಿಯುತ್ತದೆ, ಪಿಷ್ಟ ಹಾಕಿದ ಬಟ್ಟೆಗೆ ಬೆಳ್ಳಿಮೀನೆಂಬ ಹುಳು ಬರುತ್ತದೆ, ಉಣ್ಣೆಗೆ ನುಸಿ ತಗಲುತ್ತದೆ. ಗಾಳಿಯಲ್ಲಿನ ಗಂಧಕದ ಅಂಶದಿಂದ ಜರಿಯ ಬೆಳ್ಳಿ ಕಪ್ಪಾಗುತ್ತದೆ. ಅದನ್ನು ತಿಕ್ಕಿ ಬೆಳಗಿಸಹೋದರೆ ಮೇಲಿನ ಚಿನ್ನದ ಲೇಪವೇ ಹೋದೀತು. ಕಬ್ಬಿಣದ ಅಂಶ ಬೆರೆಸಿ ಮಾಡಿದ ಕಪ್ಪು ಬಣ್ಣ ಎಳೆಯನ್ನು ಒಳಗಿಂದಲೇ ತಿನ್ನುವುದರಿಂದ ಎಷ್ಟೋ ಹಳೆಯ ಬಟ್ಟೆಗಳಲ್ಲಿ ಕಪ್ಪು ಭಾಗ ಮಾತ್ರ ಉದುರಿರುತ್ತದೆ. ಮಡಿಕೆ ಬಿದ್ದಲ್ಲೇ ರೇಷ್ಮೆ ಸೀಳುತ್ತದೆ. ಆದ್ದರಿಂದ ಆಮ್ಲರಹಿತ ಕೊಳವೆಗೆ ಸುತ್ತಿ, ತೊಳೆದ ಮಸ್ಲಿನ್ ಹೊದಿಸಿ ಇಡುತ್ತಾರೆ. ಪ್ರದರ್ಶನದ ಬೆಳಕು 50 ಲಕ್ಸ್ ಮೀರದಂತೆ ನೋಡಿಕೊಂಡು, ಕೆಲವು ತಿಂಗಳಿಗೊಮ್ಮೆ ಬಟ್ಟೆಯನ್ನು ಬದಲಿಸುತ್ತಾರೆ. ಶಿವಾಜಿ ಮಹಾರಾಜ ಸಂಗ್ರಹಾಲಯದ ಕಲಾ ಸಂರಕ್ಷಣಾ ಕೇಂದ್ರದಲ್ಲಿ ಇಂಥ ಕೆಲಸಕ್ಕೆ ಪರಿಣತರಿದ್ದಾರೆ. ನಾರು ಮತ್ತು ಬಣ್ಣಗಳ ವಿಜ್ಞಾನಕ್ಕೂ ನಗರದಲ್ಲಿ ಹಳೆಯ ನೆಲೆಗಳುಂಟು: ಮಾಟುಂಗಾದಲ್ಲಿ 1924ರ ಹತ್ತಿ ಪ್ರಯೋಗಾಲಯ, 1933ರಲ್ಲಿ ವಿಶ್ವವಿದ್ಯಾಲಯ ಆರಂಭಿಸಿದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಉಪನಗರ ಘಾಟ್‌ಕೋಪರ್‌ನ ಜವಳಿ ಸಂಶೋಧನಾ ಸಂಸ್ಥೆ.

ಇಷ್ಟೆಲ್ಲ ನಡೆದ ನಗರದಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು ಅದೇ ನಗರ ನೇಯ್ದ ಗಿರಣಿ ಬಟ್ಟೆಗೆ. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ತಾಡದೇವದ ಗಿರಣಿಯಿಂದ ಶುರುವಾದ ಉದ್ಯಮ 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಚೇತರಿಸಿಕೊಳ್ಳಲಿಲ್ಲ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಆ ಮುಷ್ಕರದಲ್ಲಿದ್ದರು. ಗಿರಣಿಗಳು ಮುಚ್ಚಿದಾಗ ಜಮೀನಿಗೆ ಬೆಲೆ ಬಂತು. ನಮೂನೆ ಪುಸ್ತಕ, ಅಚ್ಚಿನ ವಿನ್ಯಾಸ, ಬಣ್ಣದ ಪಾಕಗಳ ವಹಿ ರದ್ದಿಯವರ ಪಾಲಾಗದಂತೆ ತಡೆಯುವ ವ್ಯವಸ್ಥೆ ಇರಲಿಲ್ಲ. ಥಾನುಗಳಿಗೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳು ಮಾತ್ರ ಸಂಗ್ರಾಹಕರ ಕಣ್ಣಿಗೆ ಬಿದ್ದು ಬದುಕಿದವು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿ ಅಂಥವುಗಳ ದೊಡ್ಡ ಸಂಗ್ರಹವಿದೆ. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್‌ನ ಜಾಗದಲ್ಲಿ ಜವಳಿ ವಸ್ತುಸಂಗ್ರಹಾಲಯ ಕಟ್ಟುವ ಯೋಜನೆಯನ್ನು ಮಹಾನಗರಪಾಲಿಕೆ ಕೈಗೆತ್ತಿಕೊಂಡಿದೆ. ಅಲ್ಲಿ ಯಂತ್ರಗಳ ಜೊತೆಗೆ ಗಿರಣಿಯ ಬಟ್ಟೆಯೇ ಸಿಗಬೇಕಾದರೆ ಲಾಲ್‌ಬಾಗ್, ಪರಳದ ಚಾಳುಗಳಲ್ಲೂ, ಗಿರಣಿ ಕೆಲಸಕ್ಕೆ ಬಂದವರ ಕೊಂಕಣ, ಘಟ್ಟದ ಮೇಲಿನ ಊರುಗಳಲ್ಲೂ ಟ್ರಂಕಿನ ತಳದಲ್ಲಿ ಉಳಿದಿರುವ ಸೀರೆ, ಧೋತರ, ಚಾದರಗಳನ್ನು ಮನೆಯವರಿಂದ ಕೇಳಿ ಪಡೆದು, ಯಾವ ಗಿರಣಿಯದು, ಯಾರು ಉಟ್ಟದ್ದು ಎಂದು ಬರೆದಿಡುವ ಕೆಲಸ ಮೊದಲು ಆಗಬೇಕಿದೆ.